ಆರನೇ ಸಹಿ

ಮನೆ ನೋಡಲು ಹೋದ ಮೊದಲ ದಿನವೇ ನಾನು ಕೇಳಬೇಕಾದ್ದನ್ನೆಲ್ಲ ಕೇಳಿ ಬಂದಿದ್ದೆ. ಬಾವಿಯಲ್ಲಿ ಮೇ ತಿಂಗಳಲ್ಲೂ ನೀರಿರುತ್ತದಾ? ಹಂಚು ಎಲ್ಲೆಲ್ಲಿ ಸೋರುತ್ತದೆ? ಗೆದ್ದಲು ಹಿಡಿದ ಪಕ್ಕಾಸು ಎಷ್ಟಿದೆ? ಮಂಗಳೂರಿನ ಕುಲಶೇಖರದಿಂದ ಆಚೆ, ರಸ್ತೆಯಿಂದ ಸ್ವಲ್ಪ ಇಳಿದರೆ ಸಿಗುವ ಹಳೇ ಹಂಚಿನ ಮನೆ ಅದು. ಒಂಬತ್ತು ಸೆಂಟ್ಸ್ ಜಾಗ (ನೂರು ಸೆಂಟ್ಸ್ ಅಂದರೆ ಒಂದು ಎಕರೆ). ಎದುರು ಎರಡು ತೆಂಗು, ಹಿಂದೆ ಒಂದು ಹಲಸು, ಮೂಲೆಯಲ್ಲಿ ನಾಗನ ಕಲ್ಲು. ನಮಗಿಬ್ಬರಿಗೂ ಇಷ್ಟವಾಗಿಬಿಟ್ಟಿತು. ಇಷ್ಟವಾದ ಮೇಲೆ ಬುದ್ಧಿ ಅರ್ಧ ದಿನ ರಜೆ ಹಾಕುತ್ತದೆ ಅಲ್ವಾ?

ಮುಂದಿನ ವಾರ ಅಮ್ಮನ ಪರಿಚಯದ ವಕೀಲರ ಹತ್ತಿರ ಹೋದೆವು. ಅರವತ್ತು ದಾಟಿದ ಹೆಂಗಸು. ಕೋರ್ಟಿನ ಹತ್ತಿರ, ಕಿರಿದಾದ ಮೆಟ್ಟಿಲು ಹತ್ತಿ ಹೋಗುವ ಚಿಕ್ಕ ಆಫೀಸು. ನಾವು ಹೋಗಿದ್ದು ಕ್ರಯಪತ್ರ ಬರೆಸಲಿಕ್ಕೆ. ಅಂದರೆ ನಮ್ಮ ಲೆಕ್ಕದಲ್ಲಿ ವಕೀಲರ ಕೆಲಸ ಅಷ್ಟೇ. ಬೆಲೆ ನಾವು ಮಾತಾಡಿ ಆಗಿತ್ತು, 62 ಲಕ್ಷ. ಬ್ರೋಕರ್ ಜೆರಾಕ್ಸ್ ಪ್ರತಿಗಳ ಕಟ್ಟು ಕೊಟ್ಟಿದ್ದ. ಮೇಡಂ ಆ ಕಟ್ಟನ್ನು ಬಿಚ್ಚಲೇ ಇಲ್ಲ.

“ಮಾರುವವರು ಯಾರು?”

“ಅಣ್ಣ ತಮ್ಮ ಇಬ್ಬರು ಮೇಡಂ. ಜಾಗ ಅವರ ಅಮ್ಮನದ್ದು. ಅಮ್ಮ ತೀರಿಹೋಗಿ ತುಂಬ ವರ್ಷ ಆಯ್ತಂತೆ.”

“ಆ ಅಮ್ಮನಿಗೆ ಮಕ್ಕಳೆಷ್ಟು?”

ನಾನು ಗಂಡನ ಮುಖ ನೋಡಿದೆ. ಅವರು ಫ್ಯಾನ್ ನೋಡಿದರು.

“ಬಾವಿಯ ನೀರು ರುಚಿ ನೋಡಿ ಬಂದಿದ್ದೀರಿ. ಇದನ್ನು ಕೇಳಲಿಲ್ಲ ಅಲ್ವಾ?” ಎಂದರು ಮೇಡಂ. ನಗಲಿಲ್ಲ.

ಮನೆ ತಗೊಳ್ಳುವಾಗ ವಕೀಲರು ಯಾಕೆ ಬೇಕು ಎಂದು ಈಗ ಯಾರಾದರೂ ಕೇಳಿದರೆ ನನಗೆ ಆ ಫ್ಯಾನ್ ನೆನಪಾಗುತ್ತದೆ.

ಬ್ರೋಕರ್ ಹೇಳುತ್ತಿದ್ದುದು ಒಂದೇ ಮಾತು: “ಇಸಿ ಕ್ಲಿಯರ್ ಉಂಟು ಮೇಡಂ, ಎಂತ ಹೆದರಿಕೆ?” ಇಸಿ ಅಂದರೆ ಋಣಭಾರ ಪತ್ರ. ಆ ಜಾಗದ ಮೇಲೆ ಯಾವ ಯಾವ ಪತ್ರ ರಿಜಿಸ್ಟ್ರಿ ಆಗಿದೆ ಎಂದು ಸಬ್ ರಿಜಿಸ್ಟ್ರಾರ್ ಆಫೀಸು ಕೊಡುವ ಪಟ್ಟಿ. ಯಾವುದೂ ಆಗಿಲ್ಲದಿದ್ದರೆ ಖಾಲಿ ಪಟ್ಟಿ ಬರುತ್ತದೆ. ಅದನ್ನು ‘ನಿಲ್ ಇಸಿ’ ಅನ್ನುತ್ತಾರೆ. ನಮಗೆ ಸಿಕ್ಕಿದ್ದೂ ನಿಲ್. ನನಗೋ ಭಾರೀ ಖುಷಿ, ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದ ಹಾಗೆ.

ಮೇಡಂ ಆ ಖುಷಿಯನ್ನು ಐದು ನಿಮಿಷದಲ್ಲಿ ಇಳಿಸಿದರು. ಇಸಿಯಲ್ಲಿ ಸಾಲದ ಪತ್ರ ಕಾಣುತ್ತದೆ, ಮಾರಿದ್ದು ಕಾಣುತ್ತದೆ, ರಿಜಿಸ್ಟ್ರಿ ಆದ ಪಾಲುಪಟ್ಟಿ ಕಾಣುತ್ತದೆ. ಸಾವು ಕಾಣುವುದಿಲ್ಲ. ಯಾರಾದರೂ ಸತ್ತ ಕ್ಷಣಕ್ಕೇ ಅವರ ಮಕ್ಕಳಿಗೆ ಹಕ್ಕು ಬಂದಿರುತ್ತದೆ, ಅದನ್ನು ಯಾವ ಆಫೀಸಿನಲ್ಲೂ ಯಾರೂ ಬರೆಸಿರುವುದಿಲ್ಲ. ರಿಜಿಸ್ಟ್ರಿ ಮಾಡದ ಅಗ್ರಿಮೆಂಟು ಕಾಣುವುದಿಲ್ಲ. ಬೀರುವಿನಲ್ಲಿ ಮಡಚಿಟ್ಟ ವೀಲುನಾಮೆ ಕಾಣುವುದಿಲ್ಲ. ಕೋರ್ಟಿನಲ್ಲಿ ನಡೆಯುತ್ತಿರುವ ಪಾಲಿನ ದಾವೆಯೂ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಇನ್ನೊಂದು ವಿಷಯ: ಕಂಪ್ಯೂಟರಿನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದ್ದು ಮಾತ್ರ. ಹಿಂದಿನದ್ದು ಬೇಕಾದರೆ ಅರ್ಜಿ ಹಾಕಿ, ಆಫೀಸಿನ ಹಳೇ ಪುಸ್ತಕಗಳಲ್ಲಿ ಹುಡುಕಿಸಬೇಕು. ಬ್ರೋಕರ್ ಕೊಟ್ಟ ಇಸಿ ಹತ್ತೊಂಬತ್ತು ವರ್ಷದ್ದು. ಅಮ್ಮ ತೀರಿಹೋದದ್ದು 1988ರಲ್ಲಿ.

“ಮತ್ತೆ ಖಾತೆ ಅಣ್ಣನ ಹೆಸರಲ್ಲೇ ಉಂಟಲ್ಲ ಮೇಡಂ?” ಎಂದು ನನ್ನ ಗಂಡ ಕೇಳಿದರು.

ಖಾತೆ ತೆರಿಗೆ ಕಟ್ಟಲಿಕ್ಕೆ, ಎಂದರು. ಮನೆಯಲ್ಲಿ ದೊಡ್ಡವರು ಅಂತ ಒಬ್ಬರ ಹೆಸರು ಏರಿಸುವುದು ನಮ್ಮೂರಲ್ಲಿ ಮಾಮೂಲು. ಕಂದಾಯದ ಪುಸ್ತಕದಲ್ಲಿ ಹೆಸರು ಇದ್ದ ಮಾತ್ರಕ್ಕೆ ಯಾರೂ ಮಾಲೀಕರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಎಷ್ಟೋ ಸಲ ಹೇಳಿದೆಯಂತೆ. ನಮಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಆ ಮನೆಯ ಮೂಲಪತ್ರ 1961ರದ್ದು. ಅದನ್ನು ಮೇಡಂ ಓದಿದ ರೀತಿ ನಾನು ಮರೆಯಲಾರೆ. ಮೇಜಿನ ಮೇಲೆ ಹಾಸಿ, ಬೆರಳಿಟ್ಟು, ಒಂದೊಂದೇ ಸಾಲು. ನೀಲಿ ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಹಳೇ ಪತ್ರ ಬರಹಗಾರರ ಕೈ, ಅಕ್ಷರಗಳೆಲ್ಲ ಒಂದಕ್ಕೊಂದು ಕೈ ಹಿಡಿದುಕೊಂಡ ಹಾಗೆ. ‘ಸದ್ರಿ ಸ್ಥಿರಾಸ್ತಿಗೆ ಗಡಿ’ ಎಂದು ಬರೆದು ಮೂಡು, ತೆಂಕು, ಪಡು, ಬಡಗು ಅಂತ ನಾಲ್ಕು ದಿಕ್ಕು. ಪೂರ್ವ, ಪಶ್ಚಿಮ ಎಂಬ ಮಾತೇ ಇಲ್ಲ. ಮೂಡು ದಿಕ್ಕಿಗೆ ತೋಡು. ಮರುದಿನ ಆಟೋ ಮಾಡಿಕೊಂಡು ಅಲ್ಲಿಗೇ ಬಂದರು, ತೋಡು ಹುಡುಕಲಿಕ್ಕೆ. ತೋಡು ಈಗ ಕಾಂಕ್ರೀಟು ಚಪ್ಪಡಿಯ ಕೆಳಗಿನ ಚರಂಡಿ. ಚಪ್ಪಡಿಯ ಮೇಲೆ ನಿಂತು, ಕೊಡೆಯ ತುದಿಯಲ್ಲಿ ಕುಟ್ಟಿ, “ಇದೇ ನಿಮ್ಮ ಮೂಡು ಗಡಿ” ಎಂದರು.

ನಮ್ಮ ಜಿಲ್ಲೆಯ ಜಾಗದ ಕಾಗದಗಳು ಘಟ್ಟದ ಮೇಲಿನವರಿಗೆ ಸುಲಭವಾಗಿ ಅರ್ಥ ಆಗುವುದಿಲ್ಲ. 1956ರವರೆಗೆ ನಾವು ಮದರಾಸಿನ ಕೆಳಗೆ ಇದ್ದವರು. ಅಡಂಗಲ್ ಎಂಬ ಮಾತು, ಸೆಂಟ್ಸ್ ಲೆಕ್ಕ, ವರ್ಗ, ಕುಮ್ಕಿ, ಮೂಲಗೇಣಿ, ಎಲ್ಲ ಇಲ್ಲಿನವು. ಮೂಲಗೇಣಿ, ಅಂದರೆ ತಲೆತಲಾಂತರದ ಕಾಯಂ ಗೇಣಿಯ ಜಾಗ ಆಗಿದ್ದರೆ ಮೇಲೊಬ್ಬ ಧಣಿ ಇರುತ್ತಾನೆ, ಅವನ ಕಥೆಯೂ ನೋಡಬೇಕು. 1974ರ ಭೂ ಸುಧಾರಣೆಯ ಹೊತ್ತಿಗೆ ಡಿಕ್ಲರೇಷನ್ ಕೊಟ್ಟು ಗೇಣಿದಾರರಿಗೆ ಸಿಕ್ಕಿದ ಜಾಗವಾದರೆ ಆ ಆದೇಶದ ಪ್ರತಿ ಬೇಕು. ನಮ್ಮದು ಅಂಥ ಗೋಜಲಿನದ್ದಲ್ಲ. ಆ ಅಮ್ಮ ಸ್ವಂತ ದುಡ್ಡಿನಿಂದ, ಸ್ವಂತ ಹೆಸರಿಗೆ ಕೊಂಡದ್ದು. “ಇದು ಒಳ್ಳೇದು” ಎಂದರು ಮೇಡಂ. ಅವರ ಬಾಯಿಂದ ಮೊದಲ ಸಲ ಆ ಮಾತು ಬಂದಾಗ ನನಗೆ ಅಳು ಬರುವುದೊಂದು ಬಾಕಿ.

ಆಮೇಲೆ ಶುರುವಾಯಿತು ಮಕ್ಕಳ ಲೆಕ್ಕ.

ಮನೆಯ ಯಜಮಾನರು, ಅಂದರೆ ಆ ಅಣ್ಣ, ಎಪ್ಪತ್ತೈದು ವರ್ಷದವರು. ಮರ್ಯಾದಸ್ಥರು. ಮೊದಲು ಅವರು ಹೇಳಿದ್ದು ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಎಂದು. ಹಿರಿ ಅಕ್ಕ ಹೆಬ್ರಿ ಕಡೆ. ಅವರು ತಮ್ಮ ಪಾಲು ಬಿಟ್ಟುಕೊಟ್ಟಾಗಿದೆ ಎಂದು 20 ರೂಪಾಯಿಯ ಛಾಪಾ ಕಾಗದ ತೋರಿಸಿದರು. ಅಕ್ಕನ ಸಹಿ, ಇಬ್ಬರು ಸಾಕ್ಷಿ, ಎಲ್ಲ ಇತ್ತು. ರಿಜಿಸ್ಟ್ರಿ ಇರಲಿಲ್ಲ. 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ ರಿಜಿಸ್ಟ್ರಿ ಆಗಲೇಬೇಕು. ನೂರು ರೂಪಾಯಿಗೆ ಈಗ ಕುಲಶೇಖರದಲ್ಲಿ ಜಾಗವಲ್ಲ, ಕಲ್ಲಂಗಡಿ ಬರುತ್ತದೆ.

ಇನ್ನೊಬ್ಬ ತಂಗಿ ಮುಂಬಯಿಗೆ ಮದುವೆಯಾಗಿ ಹೋದವರು, 2009ರಲ್ಲಿ ತೀರಿಕೊಂಡರು. “ಅವಳೇ ಇಲ್ಲವಲ್ಲ, ಮತ್ತೆ ಎಂತ?” ಎಂದರು ಯಜಮಾನರು. ಅವರ ಮಕ್ಕಳಿದ್ದಾರೆ ಎಂದು ಮೇಡಂ. ಮಗಳು ಡೊಂಬಿವಲಿಯಲ್ಲಿ, ಮಗ ದುಬೈಯಲ್ಲಿ. ಅವರಮ್ಮನ ಐದನೇ ಒಂದು ಪಾಲು... ಅಲ್ಲ, ಆಗ ನಮ್ಮ ಲೆಕ್ಕದಲ್ಲಿ ನಾಲ್ಕನೇ ಒಂದು. ಐದನೆಯದು ಇನ್ನೂ ಬಂದಿರಲಿಲ್ಲ.

ಯಜಮಾನರಿಗೆ ಸಿಟ್ಟು ಬಂತು. ಬರುವುದೂ ಸಹಜ. ಅಕ್ಕತಂಗಿಯರಿಗೆ ಮದುವೆಯಲ್ಲಿ ಚಿನ್ನ ಹಾಕಿ ಆಗಿದೆ, ಬಾಣಂತನ ಮಾಡಿ ಆಗಿದೆ, ಅಮ್ಮನನ್ನು ಕೊನೆಯವರೆಗೆ ನೋಡಿಕೊಂಡದ್ದು ನಾನು ಎಂದರು. ಮೇಡಂ ಎಲ್ಲ ಕೇಳಿಸಿಕೊಂಡರು. ಆಮೇಲೆ ನಿಧಾನಕ್ಕೆ, “ನಿಮ್ಮದು ಅಳಿಯ ಕಟ್ಟು ಅಲ್ವಾ?” ಎಂದು ಕೇಳಿದರು. ಹೌದು ಎಂದರು. ಮೇಡಂ ಮತ್ತೆ ಏನೂ ಹೇಳಲಿಲ್ಲ.

ಹೇಳಬೇಕಾದ್ದೂ ಇರಲಿಲ್ಲ. ತುಳುನಾಡಿನಲ್ಲಿ ಅಳಿಯ ಕಟ್ಟು ಅಂದರೆ ಮನೆತನ ಹೆಣ್ಣಿನಿಂದ ಇಳಿಯುವ ಕ್ರಮ. ತಾಯಿಯಿಂದ ಮಗಳಿಗೆ, ಅವಳಿಂದ ಅವಳ ಮಗಳಿಗೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಪಾಲಿನ ಲೆಕ್ಕ ಬದಲಾಯಿತು, ತಾಯಿಯ ಸ್ವಂತ ಆಸ್ತಿ ಮಗ ಮಗಳು ಎಲ್ಲರಿಗೂ ಸಮ. ಕಟ್ಟು ನೋಡಿದರೂ ಹೆಣ್ಣುಮಕ್ಕಳು ಮುಂದೆ, ಕಾಯ್ದೆ ನೋಡಿದರೂ ಸಮಪಾಲು. ಆದರೆ ಮಾರುವವರ ಪಟ್ಟಿಯಲ್ಲಿ ಒಂದು ಹೆಣ್ಣಿನ ಹೆಸರೂ ಇರಲಿಲ್ಲ. ಇದು ಆ ಮನೆಯ ಕಥೆ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಅಜ್ಜಿಯ ಮನೆ ಮಾರಿದಾಗ ನನ್ನ ಅಮ್ಮನನ್ನು ಕರೆದದ್ದು ಊಟಕ್ಕೆ.

ಮೇಡಂ ಅವತ್ತೇ ಉದಯವಾಣಿಯಲ್ಲಿ ಹಾಕಲು ಒಂದು ಪಬ್ಲಿಕ್ ನೋಟಿಸ್ ಬರೆದರು. ಇಂಥವರ ಹೆಸರಿನಲ್ಲಿದ್ದ ಇಂಥ ಜಾಗವನ್ನು ನಮ್ಮ ಕಕ್ಷಿದಾರರು ಕೊಳ್ಳುವವರಿದ್ದಾರೆ, ಯಾರದಾದರೂ ಹಕ್ಕು, ತಕರಾರು ಇದ್ದರೆ ಹದಿನೈದು ದಿನದೊಳಗೆ ತಿಳಿಸಬೇಕು. ಪೇಪರಿನ ಒಳಪುಟದಲ್ಲಿ ಬೆಂಕಿಪೆಟ್ಟಿಗೆಯಷ್ಟು ಜಾಗದಲ್ಲಿ ಬರುತ್ತದಲ್ಲ, ಅಂಥದ್ದು. ನಾನು ಜನ್ಮದಲ್ಲಿ ಓದಿದವಳಲ್ಲ. ನಾಲ್ಕು ಸಾವಿರ ಚಿಲ್ಲರೆ ಖರ್ಚಾಯಿತು. ದಂಡ ಅನ್ನಿಸಿತು.

ಆರನೇ ದಿನ ಮೇಡಂ ಆಫೀಸಿಗೆ ಫೋನು ಬಂತು. ಸುರತ್ಕಲ್‌ನಿಂದ. ಹೆಂಗಸಿನ ಧ್ವನಿ. “ಪೇಪರಿನಲ್ಲಿ ನನ್ನ ಅಮ್ಮನ ಹೆಸರು ನೋಡಿದೆ” ಎಂದರಂತೆ. ತಕರಾರು ಎಂಬ ಮಾತು ಬಾಯಿಗೆ ಬರಲಿಲ್ಲವಂತೆ. “ಮನೆ ಕೊಡ್ತಾರಾ?” ಅಂತ ಕೇಳಿ ಸುಮ್ಮನಾದರಂತೆ.

ಮೂರನೇ ಮಗಳು. ಎಲ್ಲರಿಗಿಂತ ಚಿಕ್ಕವರು. ಬೇರೆ ಜಾತಿಯವರನ್ನು ಮದುವೆಯಾದ ಮೇಲೆ ಮನೆಯವರು ಅವರ ಹೆಸರೆತ್ತುವುದನ್ನೇ ಬಿಟ್ಟಿದ್ದರು. ವಂಶವೃಕ್ಷ ಮಾಡಿಸುವಾಗಲೂ ಬಿಟ್ಟರು. ವಂಶವೃಕ್ಷ ಎಂಬುದು ನಾಡಕಚೇರಿಯಿಂದ ಬರುವ ಸರಕಾರಿ ಕಾಗದವೇ. ಆದರೆ ಅದಕ್ಕೆ ಆಧಾರ ಮನೆಯವರೇ ಕೊಡುವ ಅಫಿಡವಿಟ್ಟು. ಮನೆಯವರು ಒಂದು ಕೊಂಬೆ ಕಡಿದರೆ ಮರ ಹಾಗೆಯೇ ಚಿತ್ರವಾಗುತ್ತದೆ.

ಯಜಮಾನರನ್ನು ಮೇಡಂ ಕರೆಸಿ ಕೇಳಿದರು. ನಾವೂ ಇದ್ದೆವು. ಅವರು ತುಂಬ ಹೊತ್ತು ಕನ್ನಡಕ ಒರೆಸಿದರು. “ಮರೆತು ಹೋಯಿತು” ಎಂದರು. ಸುಳ್ಳು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತು, ಅವರಿಗೂ ಗೊತ್ತು. ಮೇಡಂ ಜಗಳ ಮಾಡಲಿಲ್ಲ, ನೀತಿ ಹೇಳಲಿಲ್ಲ. ಪೆನ್ಸಿಲ್ ತಗೊಂಡು ಹಾಳೆಯ ಮೇಲಿದ್ದ ನಾಲ್ಕನ್ನು ಹೊಡೆದು ಐದು ಬರೆದರು. “ನೋಡಿ, ಕಾಗದದಲ್ಲಿ ಯಾರಿದ್ದಾರೆ ಅಂತ ಸಬ್ ರಿಜಿಸ್ಟ್ರಾರ್ ನೋಡ್ತಾರೆ. ಯಾರಿಲ್ಲ ಅಂತ ನೋಡ್ಲಿಕ್ಕೆ ಇವರು ನನಗೆ ಫೀಸು ಕೊಡೋದು” ಎಂದರು.

ಇದು ನಿಜ. ಸಬ್ ರಿಜಿಸ್ಟ್ರಾರ್ ಪತ್ರ ಬರೆದುಕೊಟ್ಟವರು ಇವರೇನಾ, ಛಾಪಾ ಶುಲ್ಕ ಸರಿ ಉಂಟಾ ಎಂದು ನೋಡುತ್ತಾರೆ. ಮಾರುವವರಿಗೆ ಪೂರ್ತಿ ಹಕ್ಕಿದೆ ಎಂದು ಸರಕಾರ ಗ್ಯಾರಂಟಿ ಕೊಡುವುದಿಲ್ಲ. ಇಬ್ಬರು ಅಣ್ಣತಮ್ಮ ಸಹಿ ಹಾಕಿದ್ದರೆ ನಮ್ಮ ಕ್ರಯಪತ್ರ ರಿಜಿಸ್ಟ್ರಿ ಆಗಿಯೇ ಆಗುತ್ತಿತ್ತು. ಸ್ವೀಟ್ಸ್ ಹಂಚುತ್ತಿದ್ದೆವು. ನಮಗೆ ಸಿಗುತ್ತಿದ್ದುದು ಮಾತ್ರ ಐದರಲ್ಲಿ ಎರಡು ಪಾಲು. ಉಳಿದ ಮೂರು ಪಾಲಿನವರು ಯಾವತ್ತು ಬಾಗಿಲು ತಟ್ಟುತ್ತಾರೋ ಕಾಯುತ್ತ ಕೂರಬೇಕಿತ್ತು.

ಇಲ್ಲಿ ಬ್ಯಾಂಕಿನ ವಿಷಯ ಹೇಳಲೇಬೇಕು. ನಾವು ಸಾಲಕ್ಕೆ ಹಾಕಿದ್ದ ಬ್ಯಾಂಕು ತನ್ನ ಪ್ಯಾನೆಲ್ ವಕೀಲರಿಂದ ಒಂದು ಲೀಗಲ್ ಒಪಿನಿಯನ್ ತರಿಸಿತ್ತು. ಅದರಲ್ಲಿ ಟೈಟಲ್, ಅಂದರೆ ಮಾಲೀಕತ್ವದ ಹಕ್ಕು, ಕ್ಲಿಯರ್ ಎಂದಿತ್ತು. ಕೊಟ್ಟ ವಂಶವೃಕ್ಷ ನೋಡಿ, ಹೆಬ್ರಿಯ ಅಕ್ಕನ ಛಾಪಾ ಕಾಗದ ನೋಡಿ, ಮುಗಿಸಿದ್ದರು. ತುಂಬ ಜನ ಅಲ್ಲಿಗೇ ನಿಲ್ಲುತ್ತಾರೆ. “ಬ್ಯಾಂಕೇ ಒಪ್ಪಿದ ಮೇಲೆ ನಮಗೇನು?” ಎಂದು ನಾವೂ ಅಂದುಕೊಂಡಿದ್ದೆವು. ಫೀಸು ನಮ್ಮದು, ವರದಿ ಬ್ಯಾಂಕಿನದ್ದು. ಅವರಿಗೆ ಸಾಲ ವಾಪಸು ಬಂದರೆ ಸಾಕು. ಜಾಗ ಹೋದರೂ ನಮ್ಮ ಸಂಬಳ ಇದೆಯಲ್ಲ, ಕಂತು ಕಟ್ಟುತ್ತೇವೆ. ನಮಗೆ ಬೇಕಾದ್ದು ಜಾಗ. ಎರಡು ಬೇರೆ ಬೇರೆ ಚಿಂತೆ. ಒಬ್ಬ ವಕೀಲರು ಎರಡನ್ನೂ ಹೊರಬೇಕು ಎಂದರೆ ಕಷ್ಟ.

ನನ್ನ ತಮ್ಮ ಬಾಸ್ಟನ್ ಹತ್ತಿರ ಇದ್ದಾನೆ. ಅದೇ ವರ್ಷ ಅವನೂ ಮನೆ ತಗೊಂಡ. ರಾತ್ರಿ ಫೋನಿನಲ್ಲಿ ಇಬ್ಬರದ್ದೂ ಒಂದೇ ಹಾಡು. ಅವರಲ್ಲಿ ಕೊನೆಯ ದಿನಕ್ಕೆ ‘ಕ್ಲೋಸಿಂಗ್’ ಅನ್ನುತ್ತಾರೆ. ಅವನ ರಾಜ್ಯ ಮ್ಯಾಸಚೂಸೆಟ್ಸ್‌ನಲ್ಲಿ ಕ್ಲೋಸಿಂಗ್ ವಕೀಲರೇ ನಡೆಸಬೇಕು. ಕ್ಯಾಲಿಫೋರ್ನಿಯಾದಲ್ಲಾದರೆ ವಕೀಲರಿಲ್ಲದೆ ಎಸ್ಕ್ರೋ ಕಂಪನಿಯೇ, ಅಂದರೆ ಎರಡೂ ಕಡೆಯ ದುಡ್ಡು, ಕಾಗದ ನಡುವೆ ಹಿಡಿದಿಟ್ಟುಕೊಳ್ಳುವವರೇ, ಮುಗಿಸುತ್ತಾರೆ. ಅವನ ವಕೀಲರು ಹಿಂದಿನ 50 ವರ್ಷದ ಪತ್ರ ತೆಗೆಸಿ ನೋಡಿದರಂತೆ. ಖರ್ಚಿನ ಪೂರ್ತಿ ಪಟ್ಟಿ ಮೂರು ಕೆಲಸದ ದಿನ ಮೊದಲೇ ಕೈಗೆ ಬರಬೇಕೆಂದು ಕಾನೂನೇ ಇದೆಯಂತೆ. ಅಲ್ಲೂ ಕ್ಲೋಸಿಂಗ್ ನಡೆಸುವ ವಕೀಲರು ಮುಖ್ಯವಾಗಿ ಸಾಲ ಕೊಡುವ ಬ್ಯಾಂಕಿನ ಪರವಂತೆ. ತಮ್ಮ ತನಗೆಂದು ಬೇರೆಯವರನ್ನು ಇಟ್ಟುಕೊಂಡಿದ್ದ. ಅದನ್ನು ಕೇಳಿ ನನಗೆ ಸ್ವಲ್ಪ ಸಮಾಧಾನ.

ಆದರೆ ಎರಡು ವಿಷಯ ಕೇಳಿ ಹೊಟ್ಟೆಕಿಚ್ಚಾಯಿತು. ಒಂದು, ಟೈಟಲ್ ಇನ್ಶೂರೆನ್ಸ್. ಒಂದೇ ಸಲ ಪ್ರೀಮಿಯಂ ಕಟ್ಟುವುದು. ಮುಂದೆಂದೋ ಮರೆತುಹೋದ ತಂಗಿಯೊಬ್ಬಳು ಬಂದು ನಿಂತರೆ ಕಂಪನಿ ಅವಳೊಂದಿಗೆ ಹೋರಾಡುತ್ತದೆ, ಇಲ್ಲ ದುಡ್ಡು ಕೊಡುತ್ತದೆ. ಇನ್ನೊಂದು, ಹಣ. ಕೊಳ್ಳುವವರ ದುಡ್ಡು, ಬ್ಯಾಂಕಿನ ದುಡ್ಡು ಎಲ್ಲ ವಕೀಲರ ಟ್ರಸ್ಟ್ ಖಾತೆಗೆ ಬರುತ್ತದೆ. ಮಾರುವವರ ಹಳೇ ಸಾಲ ಅದರಿಂದಲೇ ತೀರುತ್ತದೆ. ಕ್ರಯಪತ್ರ ದಾಖಲಾದ ಮೇಲೆ ಉಳಿದದ್ದು ಮಾರುವವರಿಗೆ, ಕೀಲಿ ಕೊಳ್ಳುವವರಿಗೆ. ಮೊದಲು ಯಾರು ಕೈ ಬಿಡಬೇಕು ಎಂಬ ಜಗಳವೇ ಇಲ್ಲ.

ಇದನ್ನು ಮೇಡಂಗೆ ಹೇಳಿದೆ. “ಅಲ್ಲಿ ತಪ್ಪಾದ್ರೆ ದುಡ್ಡು ಬರ್ತದೆ ಮಾರಾಯ್ತಿ. ಇಲ್ಲಿ ತಪ್ಪಾದ್ರೆ ನಿಮ್ಮ ಮಗಳು ನನ್ನ ಜೂನಿಯರ್ ಹತ್ರ ಬರ್ಬೇಕು” ಎಂದರು.

ಇಬ್ಬರ ಸಹಿ ಹೀಗೆ ಆರಾಯಿತು. ಅಣ್ಣ, ತಮ್ಮ, ಹೆಬ್ರಿಯ ಅಕ್ಕ, ಡೊಂಬಿವಲಿಯ ಮಗಳು, ದುಬೈಯ ಮಗ, ಸುರತ್ಕಲ್‌ನ ತಂಗಿ. ಮೂರು ತಿಂಗಳ ಅಗ್ರಿಮೆಂಟು ಮಾಡಿಕೊಂಡೆವು. ಅಗ್ರಿಮೆಂಟು ಆದ ಮಾತ್ರಕ್ಕೆ ಜಾಗದಲ್ಲಿ ನಮಗೆ ಹಕ್ಕು ಬರುವುದಿಲ್ಲ, 1882ರ ಆಸ್ತಿ ವರ್ಗಾವಣೆ ಕಾಯ್ದೆ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ಮುಂಗಡ ಎರಡು ಲಕ್ಷಕ್ಕಿಂತ ಜಾಸ್ತಿ ಕೊಡಲು ಮೇಡಂ ಬಿಡಲಿಲ್ಲ. ಬ್ರೋಕರ್ ಹತ್ತು ಕೇಳಿದ್ದ.

ಮಂಗಳೂರಿನಲ್ಲಿ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಆಸ್ತಿ ವ್ಯವಹಾರ ಉಂಟಾ? ದುಬೈಯ ಮಗನಿಗೆ ರಜೆ ಸಿಗಲಿಲ್ಲ. ತನ್ನ ಅಕ್ಕನ ಹೆಸರಿಗೆ ಪವರ್ ಆಫ್ ಅಟಾರ್ನಿ ಕೊಡುತ್ತೇನೆ ಎಂದ. ಅದನ್ನು ಅಲ್ಲಿನ ಭಾರತದ ಕಾನ್ಸುಲೇಟಿನಲ್ಲಿ ಸಹಿ ಮಾಡಿಸಿ ಕಳಿಸಬೇಕು. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಛಾಪಾ ಶುಲ್ಕ ಕಟ್ಟಿಸಬೇಕು. ಮೊದಲ ಕರಡಿನಲ್ಲಿ ‘ಆಸ್ತಿಯನ್ನು ನೋಡಿಕೊಳ್ಳಲು’ ಎಂದಷ್ಟೇ ಇತ್ತು. ‘ಮಾರಲು, ಕ್ರಯಪತ್ರಕ್ಕೆ ಸಹಿ ಹಾಕಲು, ನೋಂದಣಿಗೆ ಹಾಜರುಪಡಿಸಲು’ ಎಂದು ಸೇರಿಸಿ ಮೇಡಂ ವಾಪಸು ಕಳಿಸಿದರು. ರಿಜಿಸ್ಟ್ರಿಯ ಹಿಂದಿನ ಸಂಜೆ ಆ ಹುಡುಗನಿಗೆ ವೀಡಿಯೋ ಕಾಲ್ ಮಾಡಿಸಿದರು. ಯಾಕೆ ಎಂದು ಕೇಳಿದೆ. ಕೊಟ್ಟವರು ತೀರಿಕೊಂಡರೆ ಆ ಪತ್ರಕ್ಕೂ ಜೀವ ಇರುವುದಿಲ್ಲವಂತೆ. ಆ ಹುಡುಗ ಪಾಪ ಟೀ ಶರ್ಟಿನಲ್ಲಿ ಬಂದು, “ಇದ್ದೇನೆ ಆಂಟಿ” ಎಂದು ಕೈ ಬೀಸಿದ.

ತೆರಿಗೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ನೆನಪಾದರೆ ಈಗಲೂ ತಲೆನೋವು. 50 ಲಕ್ಷ ಅಥವಾ ಜಾಸ್ತಿ ಬೆಲೆಯ ಆಸ್ತಿಗೆ ಕೊಳ್ಳುವವರು ನೂರಕ್ಕೆ 1 ರೂಪಾಯಿ ಟಿಡಿಎಸ್ (ಮಾರುವವರ ತೆರಿಗೆಯ ಲೆಕ್ಕಕ್ಕೆ) ಹಿಡಿದು ಸರಕಾರಕ್ಕೆ ಕಟ್ಟಬೇಕು. ಒಬ್ಬೊಬ್ಬರ ಪಾಲು ಹೆಚ್ಚೆಂದರೆ 12 ಲಕ್ಷ ಚಿಲ್ಲರೆ, ಹಾಗಾಗಿ ಬೇಡ ಎಂದ ಬ್ರೋಕರ್. 2024ರ ಅಕ್ಟೋಬರ್ 1ರಿಂದ ಎಲ್ಲರ ಪಾಲು ಸೇರಿಸಿಯೇ ನೋಡುವುದು ಎಂದರು ಮೇಡಂ. ನಮ್ಮದು ಡಿಸೆಂಬರಿನ ರಿಜಿಸ್ಟ್ರಿ. ಇಲ್ಲಿರುವ ಐದು ಜನ ಮಾರುವವರು, ಕೊಳ್ಳುವವರು ನಾವಿಬ್ಬರು. ಒಬ್ಬೊಬ್ಬರಿಗೂ ಬೇರೆ ಫಾರಂ, ಒಟ್ಟು ಹತ್ತು. ದುಬೈಯ ಮಗ ಅನಿವಾಸಿ, ಅವನಿಗೆ 1 ಅಲ್ಲ, ಬೇರೆಯೇ ದೊಡ್ಡ ಲೆಕ್ಕ. ಅದಕ್ಕೆ ಟ್ಯಾನ್ ಎಂಬ ನಂಬರು ಬೇರೆ ಮಾಡಿಸಬೇಕಾಯಿತು. ಛಾಪಾ ಶುಲ್ಕ 5%, ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ 5.6. ನೋಂದಣಿ ಶುಲ್ಕ ಆಗ 1%. ಒಟ್ಟು 4,09,200 ರೂಪಾಯಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2% ಆಗಿದೆ, ಈಗ ಕೊಳ್ಳುವವರು ಇನ್ನೂ 62 ಸಾವಿರ ಸೇರಿಸಿ ಓದಿಕೊಳ್ಳಿ. ಸಾಲದ್ದಕ್ಕೆ ಆಗಷ್ಟೇ ಇ-ಖಾತಾ ಕಡ್ಡಾಯವಾಗಿತ್ತು. ಅದಿಲ್ಲದೆ ರಿಜಿಸ್ಟ್ರಿಯ ಕಾವೇರಿ ತಂತ್ರಾಂಶ ಅಲುಗಾಡುವುದಿಲ್ಲ. ಅದಕ್ಕಾಗಿ ನನ್ನ ಗಂಡ ಪಾಲಿಕೆಗೆ ಎಷ್ಟು ಸಲ ಹೋದರು ಎಂದರೆ ಅಲ್ಲಿನ ಕ್ಯಾಂಟೀನಿನವರು ಕೇಳದೆಯೇ ಸಕ್ಕರೆ ಕಡಿಮೆ ಚಾ ಕೊಡುತ್ತಿದ್ದರು.

ಕ್ರಯಪತ್ರದ ಕರಡು ಮನೆಗೆ ಬಂದಾಗ ನಾನು ಹುಡುಕಿದ್ದು ನಾಗನನ್ನು. ಯಜಮಾನರು ಮೊದಲ ದಿನದಿಂದ ಒಂದೇ ಷರತ್ತು ಹಾಕಿದ್ದರು, ವರ್ಷಕ್ಕೊಮ್ಮೆ ನಾಗನಿಗೆ ತನು (ಹಾಲು) ಎರೆಯಲು ನಾವು ಬರುತ್ತೇವೆ, ತಡೆಯಬಾರದು. ನಾವು ಬಾಯಿಮಾತಿನಲ್ಲಿ ಹೂಂ ಎಂದಿದ್ದೆವು. ಬಾಯಿಮಾತು ಸಾಕಾಗುವುದಿಲ್ಲ ಎಂದು ಮೇಡಂ ಇಬ್ಬರಿಗೂ ಹೇಳಿದರು. ನಾಳೆ ನೀವು ಮಾರಿದರೆ? ಅವರ ಮೊಮ್ಮಕ್ಕಳು ಬಂದರೆ? ಒಂದು ಪ್ಯಾರಾ ಬರೆದರು. ನಾಗನ ಕಲ್ಲು ಇರುವ ಜಾಗ ನಮ್ಮದೇ, ಆದರೆ ಅದನ್ನು ಕದಲಿಸುವಂತಿಲ್ಲ. ಮಾರಿದವರೂ ಅವರ ಸಂತತಿಯವರೂ ನಾಗರಪಂಚಮಿಯ ದಿನ ಗೇಟಿನಿಂದ ಆ ಮೂಲೆಯವರೆಗೆ ಮೂರು ಅಡಿ ದಾರಿಯಲ್ಲಿ ಬಂದು ಹೋಗಬಹುದು. ‘ಸಂತತಿಯವರು’ ಎಂಬಲ್ಲಿ ಕಂಸದೊಳಗೆ ‘ಗಂಡು ಹೆಣ್ಣು ಎರಡೂ ಕಡೆಯವರು’ ಎಂದು ಸೇರಿಸಿದ್ದರು. ಆ ಆವರಣ ಚಿಹ್ನೆ ಯಾರ ಸಲುವಾಗಿ ಎಂದು ನನಗೆ ಗೊತ್ತಾಯಿತು.

ರಿಜಿಸ್ಟ್ರಿ ದಿನ ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ ಬೆಂಚಿನಲ್ಲಿ ಕೂತಿದ್ದೆವು. ಹೆಬ್ರಿಯ ಅಕ್ಕ ಬೆಳಗಿನ ಬಸ್ಸಿಗೆ ಬಂದಿದ್ದರು, ಮಡಿಲಲ್ಲಿ ಒಂದು ಬ್ಯಾಗು ಗಟ್ಟಿಯಾಗಿ ಹಿಡಿದುಕೊಂಡು. ಸುರತ್ಕಲ್‌ನ ತಂಗಿ ಕೊನೆಗೆ ಬಂದರು, ಮಗನ ಸ್ಕೂಟರಿನಲ್ಲಿ. ಅಣ್ಣ ಎದ್ದು ನಿಂತರು. ಮೂವತ್ತು ವರ್ಷದ ಮೇಲೆ ನೋಡುತ್ತಿರುವುದಂತೆ. ನಾನು ಏನೇನೋ ಊಹಿಸಿದ್ದೆ.

“ಬತ್ತನಾ?” ಎಂದರು ಅಣ್ಣ. ಬಂದೆಯಾ. ಅಷ್ಟೇ.

ತಂಗಿ ತಲೆಯಾಡಿಸಿದರು. ಬೆಂಚಿನಲ್ಲಿ ಅಕ್ಕ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

ಒಳಗೆ ಮೇಡಂ ಮೇಜಿನ ತುದಿಯಲ್ಲಿ ಒಂದು ಖಾಕಿ ಕವರು ಇಟ್ಟುಕೊಂಡಿದ್ದರು. ಅದರಲ್ಲಿ ಆರು ಡಿಡಿ. ಅದರ ಮೇಲೆ 1961ರ ಮೂಲಪತ್ರ, ಮನೆಯ ಕೀಲಿಗೊಂಚಲು. ಎಲ್ಲದರ ಮೇಲೆ ಅವರ ಎಡಗೈ. ಯಜಮಾನರ ತಮ್ಮ ಡಿಡಿ ಒಮ್ಮೆ ನೋಡಬೇಕು ಎಂದರು. ಎಡಗೈ ಎತ್ತದೆ, ಬಲಗೈಯಿಂದ ಒಂದನ್ನು ಅರ್ಧ ಎಳೆದು ಮೊತ್ತ ತೋರಿಸಿ, ಮತ್ತೆ ಒಳಗೆ ತಳ್ಳಿದರು. ಬ್ಯಾಂಕಿನವರು ಮೂಲಪತ್ರಕ್ಕೆ ಕೈ ಚಾಚಿದಾಗಲೂ ಅಷ್ಟೇ, “ಒಂದು ನಿಮಿಷ.” ಒಬ್ಬೊಬ್ಬರೇ ಹೋಗಿ ಫೋಟೋ ತೆಗೆಸಿ, ಹೆಬ್ಬೆಟ್ಟು ಒತ್ತಿ, ಒಪ್ಪಿಗೆ ಹೇಳಿ ಬಂದರು. ಹೆಬ್ರಿಯ ಅಕ್ಕನ ಬೆರಳಿನ ಗೆರೆ ಸವೆದು ಯಂತ್ರ ನಾಲ್ಕು ಸಲ ಬೇಡ ಎಂದಿತು. ಆರನೇ ಸಹಿ ಮುಗಿದು, ಸಬ್ ರಿಜಿಸ್ಟ್ರಾರ್ ನಂಬರು ಹಾಕಿದ ಮೇಲೆ ಆ ಎಡಗೈ ಎದ್ದಿತು. ಬಾಸ್ಟನ್ನಿನ ನನ್ನ ತಮ್ಮನಿಗೆ ವಾಟ್ಸಾಪಿನಲ್ಲಿ ಬರೆದೆ: ನಮ್ಮಲ್ಲೂ ಎಸ್ಕ್ರೋ ಉಂಟು, ಐದು ಬೆರಳಿನದ್ದು.

ಮೇಡಂ ಫೀಸು ಬ್ರೋಕರ್ ತಗೊಂಡ ಕಮಿಷನ್ನಿನ ಕಾಲು ಭಾಗವೂ ಆಗಲಿಲ್ಲ. ಇದು ನನಗೆ ಈಗಲೂ ಅರ್ಥವಾಗದ ಲೆಕ್ಕ. ಚೀಲ ತುಂಬ ಹಲಸಿನ ಹಪ್ಪಳ ಕೊಟ್ಟು ಬಂದೆ. ಬಾಗಿಲಲ್ಲಿ ನಿಲ್ಲಿಸಿ, “ಕರೆಂಟ್ ಮೀಟರ್ ಹೆಸರು ಬದಲಾಯಿಸಿ. ನೀರಿನದ್ದೂ. ಮರೀಬೇಡಿ” ಎಂದರು. ಮರೆತೆವು.

2025ರ ನಾಗರಪಂಚಮಿಗೆ ಎಲ್ಲರೂ ಬಂದರು. ಮಳೆ ಬಿಟ್ಟೂ ಬಿಡದೆ ಸುರಿಯುತ್ತಿತ್ತು. ಯಜಮಾನರು ಕೊಡೆ ಹಿಡಿದು ನಿಂತು, ತಂಗಿಯ ಕೈಗೆ ಹಾಲಿನ ಗಿಂಡಿ ಕೊಟ್ಟರು. ಆಮೇಲೆ ಒಳಗೆ ಬಂದು ಚಾ ಕುಡಿದರು. ಅಡುಗೆಮನೆಯ ಕಿಟಕಿ ನಾವು ದೊಡ್ಡದು ಮಾಡಿಸಿದ್ದನ್ನು ನೋಡಿ ಹೆಬ್ರಿಯ ಅಕ್ಕ ಒಳ್ಳೇದಾಯಿತು ಎಂದರು. ಮೆಸ್ಕಾಂ ಕರೆಂಟ್ ಬಿಲ್ಲು ಟಿವಿಯ ಪಕ್ಕದಲ್ಲಿ ಬಿದ್ದಿತ್ತು. ಸುರತ್ಕಲ್‌ನವರು ಅದನ್ನು ಎತ್ತಿಕೊಂಡು ಕನ್ನಡಕ ಏರಿಸಿ ಓದಿದರು. ಮೇಲ್ಗಡೆ ಗ್ರಾಹಕರ ಹೆಸರು ಎಂಬಲ್ಲಿ ಅವರ ಅಮ್ಮನ ಹೆಸರು ಇನ್ನೂ ಹಾಗೆಯೇ ಇತ್ತು.

ನನಗೆ ನಾಚಿಕೆಯಾಯಿತು. ಅರ್ಜಿ ಕೊಡಲಿಕ್ಕುಂಟು, ಮುಂದಿನ ವಾರ ಮಾಡಿಸ್ತೇವೆ ಎಂದೆ.

“ನಿಧಾನಕ್ಕೆ ಮಾಡಿ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಇದು ಕಟ್ಟಿ ಆಗಿದ್ಯಾ?”

“ಹ್ಞಾ ಅಮ್ಮ, ಫೋನಿನಲ್ಲೇ ಕಟ್ಟಿದ್ದು.”

ಬಿಲ್ಲನ್ನು ನಾಲ್ಕಾಗಿ ಮಡಚಿ ಪರ್ಸಿನೊಳಗೆ ಇಟ್ಟುಕೊಂಡರು.